ಹೈಸ್ಕೂಲಿನಲ್ಲಿದ್ದೇ ಕಾಲೇಜು ಕೋರ್ಸ್: ಅಮೆರಿಕದ ಓದುಗರ ಪ್ರಶ್ನೆಗಳು

ಪ್ರಶ್ನೆ: ಮಗಳು ಹತ್ತನೇ ಗ್ರೇಡಿನಲ್ಲಿದ್ದಾಳೆ. ಮುಂದಿನ ವರ್ಷ ಎಪಿ (ಹೈಸ್ಕೂಲಿನಲ್ಲೇ ಕಲಿಸುವ ಕಾಲೇಜು ಮಟ್ಟದ ಕೋರ್ಸ್) ತೆಗೆದುಕೊಳ್ಳಬೇಕೋ, ಕಮ್ಯುನಿಟಿ ಕಾಲೇಜಿನ ಡ್ಯುಯಲ್ ಎನ್‌ರೋಲ್‌ಮೆಂಟ್ (ಹೈಸ್ಕೂಲಿನಲ್ಲಿದ್ದೇ ಕಾಲೇಜಿನ ಕೋರ್ಸ್ ಓದುವುದು) ಸೇರಬೇಕೋ ಗೊತ್ತಾಗುತ್ತಿಲ್ಲ. ಎರಡರಲ್ಲೂ ಕಾಲೇಜು ಕ್ರೆಡಿಟ್ (ಡಿಗ್ರಿಗೆ ಬೇಕಾದ ಕೋರ್ಸ್ ಲೆಕ್ಕ) ಸಿಗುತ್ತದಲ್ಲ, ವ್ಯತ್ಯಾಸವೇನು?
(ತಾಯಿ, ಟೆಕ್ಸಾಸ್)

ಉತ್ತರ: ಎಪಿಯಲ್ಲಿ ಕ್ರೆಡಿಟ್ ಸಿಗುವುದು ಮೇ ತಿಂಗಳ ಒಂದೇ ಪರೀಕ್ಷೆಯ ಮೇಲೆ. ಸ್ಕೋರ್ 1ರಿಂದ 5ರವರೆಗೆ. 2 ಬಂದರೆ ಕ್ರೆಡಿಟ್ ಇಲ್ಲ, ಅಷ್ಟೇ. ಕಾಲೇಜಿನ ದಾಖಲೆಗೆ ಕಲೆ ಹತ್ತುವುದಿಲ್ಲ. ಡ್ಯುಯಲ್ ಎನ್‌ರೋಲ್‌ಮೆಂಟ್ ಹಾಗಲ್ಲ. ಅಲ್ಲಿ ಹೆಸರು ನೋಂದಾಯಿಸಿದ ಮೇಲೆ ಆಕೆ ಆ ಕಾಲೇಜಿನ ವಿದ್ಯಾರ್ಥಿನಿ. ಸಿಕ್ಕ ಗ್ರೇಡ್ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ (ಅಧಿಕೃತ ಗ್ರೇಡ್ ಪಟ್ಟಿಯಲ್ಲಿ) ಶಾಶ್ವತ. ಮುಂದೆ ಮೆಡಿಕಲ್ ಓದುವ ಆಸೆಯಿದ್ದರೆ ಇದನ್ನು ಎರಡು ಸಲ ಓದಿ: ಮೆಡಿಕಲ್ ಸ್ಕೂಲುಗಳಿಗೆ ಹಾಕುವ ಎಎಂಸಿಎಎಸ್ ಅರ್ಜಿಯಲ್ಲಿ ಹೈಸ್ಕೂಲಿನ ದಿನಗಳ ಕಾಲೇಜು ಕೋರ್ಸ್‌ಗಳನ್ನೂ ತೋರಿಸಲೇಬೇಕು, ಆ ಗ್ರೇಡ್‌ಗಳೂ ಜಿಪಿಎ (ಗ್ರೇಡ್‌ಗಳ ಸರಾಸರಿ) ಲೆಕ್ಕಕ್ಕೆ ಬರುತ್ತವೆ. ಲಾ ಸ್ಕೂಲಿಗೂ ಹೀಗೆಯೇ.

ನಿಮ್ಮ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಕ್ಕೇ ಹೋಗುವುದಾದರೆ ಡ್ಯುಯಲ್ ಎನ್‌ರೋಲ್‌ಮೆಂಟ್ ಲಾಭದ್ದು. ಟೆಕ್ಸಾಸಿನಲ್ಲಿ 42 ಕ್ರೆಡಿಟ್‌ನ ಕೋರ್ ಪಠ್ಯಕ್ರಮವಿದೆ (ಡಿಗ್ರಿಗಳಿಗೆ ಸಾಮಾನ್ಯವಾದ ಮೂಲ ವಿಷಯಗಳು). ಒಂದು ಸರ್ಕಾರಿ ಕಾಲೇಜಿನಲ್ಲಿ ಪಾಸಾದ ಕೋರ್ ವಿಷಯವನ್ನು ಇನ್ನೊಂದು ಒಪ್ಪಿಕೊಳ್ಳುತ್ತದೆ. ಆದರೆ ಒಪ್ಪುವುದೇ ಬೇರೆ, ಡಿಗ್ರಿಗೆ ಉಪಯೋಗವಾಗುವುದೇ ಬೇರೆ. ಎಂಜಿನಿಯರಿಂಗ್ ಡಿಗ್ರಿಯ ಗಣಿತ ಸಾಮಾನ್ಯವಾಗಿ ಕ್ಯಾಲ್ಕುಲಸ್‌ನಿಂದ ಶುರು. ಹಾಗಾಗಿ ಕಾಲೇಜ್ ಆಲ್ಜೀಬ್ರಾದ 3 ಕ್ರೆಡಿಟ್ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಕಾಣುತ್ತದೆ, ಡಿಗ್ರಿಯನ್ನು ಒಂದು ದಿನವೂ ಬೇಗ ಮುಗಿಸುವುದಿಲ್ಲ. ಸೇರುವ ಮುಂಚೆ ಆಕೆಗೆ ಬೇಕಾದ ಮೇಜರ್‌ನ (ಮುಖ್ಯ ವಿಷಯದ) ಡಿಗ್ರಿ ಪ್ಲಾನ್ ತೆರೆದು, ಈ ಕೋರ್ಸ್ ನಂಬರ್ ಅದರಲ್ಲಿ ಇದೆಯೇ ನೋಡಿ.

ಪ್ರಶ್ನೆ: ಒಂದು ಸೆಮಿಸ್ಟರ್‌ಗೆ ಎಷ್ಟು ಕೋರ್ಸ್ ತೆಗೆದುಕೊಳ್ಳಬಹುದು? ಬೇಸಿಗೆಯಲ್ಲಿ ಮುಗಿಸಿಬಿಟ್ಟರೆ ಸುಲಭವಲ್ಲವೇ?
(ತಂದೆ, ನ್ಯೂಜೆರ್ಸಿ)

ಉತ್ತರ: ಮೊದಲ ಸೆಮಿಸ್ಟರ್‌ಗೆ ಒಂದೇ ಸಾಕು. ಒಂದು ಕ್ರೆಡಿಟ್ ಎಂದರೆ ವಾರಕ್ಕೆ ತರಗತಿಯಲ್ಲಿ 1 ಗಂಟೆ, ಹೊರಗೆ ಕನಿಷ್ಠ 2 ಗಂಟೆ ಓದು. 3 ಕ್ರೆಡಿಟ್‌ನ ಕೋರ್ಸಿಗೆ ವಾರಕ್ಕೆ 9 ಗಂಟೆ ಆಯಿತು. 15 ವಾರದ ಅದೇ ಪಾಠವನ್ನು ಬೇಸಿಗೆಯ 8 ವಾರಕ್ಕೆ ತುರುಕಿದರೆ ವಾರಕ್ಕೆ 17 ಗಂಟೆ. ಸುಲಭವೇನಲ್ಲ.

ಮಕ್ಕಳು ಎಡವುವುದು ಹೆಚ್ಚಾಗಿ ವಿಷಯ ಕಷ್ಟವಾಗಿ ಅಲ್ಲ. ಹೈಸ್ಕೂಲಿನಲ್ಲಿ ಗ್ರೇಡ್ ಹತ್ತಾರು ಹೋಮ್‌ವರ್ಕ್‌ಗಳಿಗೆ ಹಂಚಿಹೋಗಿರುತ್ತದೆ, ಟೆಸ್ಟ್ ಕೆಟ್ಟರೆ ಮತ್ತೊಮ್ಮೆ ಬರೆಸುವುದೂ ಉಂಟು. ಕಾಲೇಜಿನಲ್ಲಿ ಎರಡು ಮಿಡ್‌ಟರ್ಮ್, ಒಂದು ಫೈನಲ್, ಇಷ್ಟರಲ್ಲೇ ಬಹುಪಾಲು ಮುಗಿಯಬಹುದು. ಮೊದಲ ಮಿಡ್‌ಟರ್ಮ್ ಕೈಕೊಟ್ಟ ಮೇಲೆ ಸರಿಪಡಿಸಿಕೊಳ್ಳಲು ಜಾಗ ಕಡಿಮೆ. ಪ್ರೊಫೆಸರ್ ನಿಮಗೆ ಫೋನ್ ಮಾಡುವುದೂ ಇಲ್ಲ. ವಿದ್ಯಾರ್ಥಿ ದಾಖಲೆಗಳ ಗೋಪ್ಯತೆಯ ಫೆರ್ಪಾ ಕಾಯ್ದೆಯಂತೆ ಕಾಲೇಜಿನ ದಾಖಲೆಯ ಹಕ್ಕು ಮಗುವಿನದೇ, ವಯಸ್ಸು 15 ಆಗಿದ್ದರೂ. ಅವಲಂಬಿತರೆಂದು ತೆರಿಗೆಯಲ್ಲಿ ತೋರಿಸಿದ್ದರೆ ಕಾಲೇಜು ನಿಮಗೆ ಮಾಹಿತಿ ಕೊಡಬಹುದು, ಕೊಡಲೇಬೇಕೆಂದಿಲ್ಲ. ಆದ್ದರಿಂದ ಇಮೇಲ್ ಬರೆಯುವುದು, ಆಫೀಸ್ ಅವರ್‌ಗೆ (ಪ್ರೊಫೆಸರ್ ಭೇಟಿಯ ಸಮಯಕ್ಕೆ) ಹೋಗುವುದು ಮಗುವೇ ಮಾಡಬೇಕಾದ ಕೆಲಸ. ಅದು ಬಾರದಿದ್ದರೆ ಒಂದು ವರ್ಷ ತಡೆಯುವುದು ಒಳ್ಳೆಯದು. ಐಇಪಿ (ವಿಶೇಷ ಶಿಕ್ಷಣ ಬೇಕಾದ ಮಗುವಿಗೆ ಶಾಲೆ ಮಾಡುವ ಯೋಜನೆ) ಇರುವ ಮಕ್ಕಳ ಹೆತ್ತವರು ಗಮನಿಸಿ, ಕಾಲೇಜು ಅದನ್ನು ತಾನಾಗಿ ಪಾಲಿಸುವುದಿಲ್ಲ. ಅಲ್ಲಿನ ಅಂಗವಿಕಲ ಸೇವಾ ಕಚೇರಿಯಲ್ಲಿ ಸೆಮಿಸ್ಟರ್ ಶುರುವಾಗುವ ಮೊದಲೇ ಬೇರೆಯಾಗಿ ಅರ್ಜಿ ಹಾಕಬೇಕು.

ಪ್ರಶ್ನೆ: ಮಧ್ಯದಲ್ಲಿ ಬಿಟ್ಟರೆ ಏನಾಗುತ್ತದೆ?
(ವಿದ್ಯಾರ್ಥಿ, ವಾಷಿಂಗ್ಟನ್ ರಾಜ್ಯ)

ಉತ್ತರ: ಆ್ಯಡ್-ಡ್ರಾಪ್ ಗಡುವಿನೊಳಗೆ ಬಿಟ್ಟರೆ ದಾಖಲೆಯಲ್ಲಿ ಗುರುತೇ ಇರುವುದಿಲ್ಲ. ಅದು ದಾಟಿದರೆ ‘ಡಬ್ಲ್ಯೂ’ (ವಿತ್‌ಡ್ರಾ, ಅಂದರೆ ಮಧ್ಯದಲ್ಲಿ ಬಿಟ್ಟ ಗುರುತು). ವಿತ್‌ಡ್ರಾ ಗಡುವೂ ದಾಟಿದರೆ ಬಂದ ಗ್ರೇಡೇ ಗತಿ. ಸುಮ್ಮನೆ ತರಗತಿಗೆ ಹೋಗುವುದನ್ನು ನಿಲ್ಲಿಸುವುದು ಬಿಟ್ಟಂತಲ್ಲ, ಅದು ‘ಎಫ್’ ಆಗಿ ಬರುತ್ತದೆ. ಬಿಡುವ ಮುಂಚೆ ಹೈಸ್ಕೂಲ್ ಕೌನ್ಸೆಲರ್ ಬಳಿ ಹೋಗಿ: ಈ ಕೋರ್ಸ್ ನಿನ್ನ ಡಿಪ್ಲೊಮಾಕ್ಕೆ ಬೇಕಾದ ಇಂಗ್ಲಿಷ್ ಅಥವಾ ಗಣಿತದ ಬದಲಿಗಿದ್ದರೆ ಹೈಸ್ಕೂಲ್ ಮುಗಿಸುವುದಕ್ಕೇ ಕ್ರೆಡಿಟ್ ಕೊರತೆ ಬೀಳುತ್ತದೆ.

ಪ್ರಶ್ನೆ: ಖಾಸಗಿ ವಿಶ್ವವಿದ್ಯಾಲಯಗಳು ಈ ಕ್ರೆಡಿಟ್ ಒಪ್ಪುತ್ತವೆಯೇ? ಮಗ ‘ಟ್ರಾನ್ಸ್‌ಫರ್ ವಿದ್ಯಾರ್ಥಿ’ (ಬೇರೆ ಕಾಲೇಜಿನಿಂದ ಬಂದವನು) ಆಗಿಬಿಡುತ್ತಾನಾ?
(ತಾಯಿ, ಮಿನ್ನೆಸೋಟ)

ಉತ್ತರ: ಎರಡನೆಯ ಭಯ ಬೇಡ. ಹೈಸ್ಕೂಲ್ ಮುಗಿಯುವ ಮುಂಚಿನ ಕ್ರೆಡಿಟ್ ಎಷ್ಟಿದ್ದರೂ ಸಾಮಾನ್ಯವಾಗಿ ಫ್ರೆಶ್‌ಮನ್ (ಮೊದಲ ವರ್ಷದ ಹೊಸ ವಿದ್ಯಾರ್ಥಿ) ಅರ್ಜಿಯೇ. ಮೊದಲನೆಯದಕ್ಕೆ ಒಂದೇ ಉತ್ತರವಿಲ್ಲ. ಹೈಸ್ಕೂಲ್ ಡಿಪ್ಲೊಮಾಕ್ಕೂ ಎಣಿಸಿದ ಕೋರ್ಸ್ ಅಥವಾ ಹೈಸ್ಕೂಲ್ ಕಟ್ಟಡದಲ್ಲೇ ಕಲಿಸಿದ ಕೋರ್ಸ್ ಆದರೆ ಹಲವು ಖಾಸಗಿ ಕಾಲೇಜುಗಳು ಕ್ರೆಡಿಟ್ ಕೊಡುವುದಿಲ್ಲ. ಒಪ್ಪುವವರೂ ‘ಸಿ’ಗಿಂತ ಕಡಿಮೆಯಿದ್ದರೆ ಹೆಚ್ಚಾಗಿ ತಳ್ಳಿಹಾಕುತ್ತಾರೆ. ಪ್ರತಿ ಕೋರ್ಸಿನ ಸಿಲಬಸ್ ಪಿಡಿಎಫ್ ಇಟ್ಟುಕೊಳ್ಳಿ, ಕ್ರೆಡಿಟ್ ತೀರ್ಮಾನಿಸುವ ವಿಭಾಗ ಅದನ್ನೇ ಕೇಳುವುದು. ಅಧಿಕೃತ ಟ್ರಾನ್ಸ್‌ಕ್ರಿಪ್ಟನ್ನು ಕಾಲೇಜಿನ ರಿಜಿಸ್ಟ್ರಾರ್ ಕಡೆಯಿಂದಲೇ ಕಳಿಸಬೇಕು. ಹೈಸ್ಕೂಲಿನದರಲ್ಲಿ ಆ ಗ್ರೇಡ್ ಕಾಣುತ್ತಿದ್ದರೂ ಅದು ಸಾಲದು.