ಗಾಜಿನ ದೆವ್ವಕ್ಕೆ ಮಳೆಗಾಲದ ಕಾಟ

ಪ್ರಶ್ನೆ: ಅಮೆರಿಕದಲ್ಲಿರುವ ಮಗಳು ಅಕ್ಟೋಬರ್ 31ರ ದೆವ್ವ-ಭೂತಗಳ ಹಬ್ಬ ಹ್ಯಾಲೊವೀನ್‌ಗೆ ತೂಗುಹಾಕುವ ಗಾಜಿನ ಕುಂಬಳಕಾಯಿ, ಗೂಬೆ, ಭೂತಗಳನ್ನು ತಂದುಕೊಟ್ಟಿದ್ದಳು. ಮಳೆಗಾಲ ಮುಗಿದ ಮೇಲೆ ಅಟ್ಟದಿಂದ ಇಳಿಸಿದರೆ ಒಳಗೆಲ್ಲ ಕಪ್ಪು ಚುಕ್ಕೆ. ಒದ್ದೆ ಬಟ್ಟೆಯಲ್ಲಿ ಒರೆಸಿದ್ದಕ್ಕೆ ಬಣ್ಣವೂ ಎದ್ದುಬಂತು. ಸರಿಯಾಗುತ್ತದೆಯೇ?
– ಓದುಗರು, ಮಲ್ಪೆ

ಉತ್ತರ: ತುಳುನಾಡಿನಲ್ಲಿ ಭೂತವೆಂದರೆ ದೈವ, ಆದ್ದರಿಂದ ಬಿಳಿ ಬಟ್ಟೆ ಹೊದ್ದ ನಿಮ್ಮ ಬೊಂಬೆಯನ್ನು ದೆವ್ವ ಎಂದೇ ಕರೆಯೋಣ. ಕಪ್ಪಾದದ್ದು ಗಾಜಲ್ಲ, ಅದರ ಒಳಮೈಯ ಬೆಳ್ಳಿ. ಜರ್ಮನಿಯ ಲೌಷಾ ಊರಿನವರು 19ನೇ ಶತಮಾನದಲ್ಲಿ ಹೆಸರು ಮಾಡಿದ ಕಸುಬು ಇದು: ಗಾಜನ್ನು ತೆಳ್ಳಗೆ ಊದಿ, ಕತ್ತಿನ ತೂತಿನಿಂದ ಸಿಲ್ವರ್ ನೈಟ್ರೇಟ್ ದ್ರಾವಣ ಹೊಯ್ದು ಅಲ್ಲಾಡಿಸಿದರೆ ಒಳಗೆ ಕನ್ನಡಿಯಂಥ ಪೊರೆ ಕೂರುತ್ತದೆ. ಬಣ್ಣ ಹಚ್ಚುವುದು ಹೊರಗಡೆಗೆ. ಮೇಲಿನ ಲೋಹದ ಮುಚ್ಚಳವನ್ನು ಹಿಡಿದಿರುವುದು ಎರಡು ಕಾಲಿನ ಸ್ಪ್ರಿಂಗ್ ತಂತಿ ಮಾತ್ರ. ಕಡಲ ತೇವ ಆ ಸಂದಿನಲ್ಲಿ ಸಲೀಸಾಗಿ ಒಳಹೊಗುತ್ತದೆ.

ಹೋದ ಬೆಳ್ಳಿ ಮನೆಮದ್ದಿಗೆ ಬಾರದು. ಚುಕ್ಕೆ ಗೋಡೆಯ ಕಡೆಗೆ ಬರುವಂತೆ ತಿರುಗಿಸಿ ತೂಗುಹಾಕಿ. ದೆವ್ವದ ಮೈಮೇಲೆ ನಾಲ್ಕು ಕಲೆ ಇದ್ದರೆ ಕಳೆಯೇ. ಇನ್ನು ಮುಂದೆ ನೀರು, ಗಾಜು ಒರೆಸುವ ಸ್ಪ್ರೇ ಎರಡನ್ನೂ ಮುಟ್ಟಿಸಬೇಡಿ. ಒಣ ಮೆತ್ತನೆ ಬ್ರಷ್ ಸಾಕು.

ತೆಗೆದಿಡುವಾಗ ಒಂದೊಂದನ್ನೂ ಬಣ್ಣವಿಲ್ಲದ ಟಿಶ್ಯೂ ಕಾಗದದಲ್ಲಿ ಸಡಿಲವಾಗಿ ಸುತ್ತಿ. ಪತ್ರಿಕೆಯ ಹಾಳೆಯಾದರೆ ಶಾಯಿ ಅಂಟುತ್ತದೆ, ಗುಳ್ಳೆ ಪ್ಲಾಸ್ಟಿಕ್ ಸೆಕೆಗೆ ಬಣ್ಣದ ಮೇಲೆಯೇ ಕಚ್ಚಿಕೊಳ್ಳುತ್ತದೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳನ್ನೂ ಹಾಕಿ. ನೀಲಿ ಕಾಳು ಗುಲಾಬಿಯಾದರೆ ತೇವ ಹೀರಿ ಮುಗಿಯಿತೆಂದು ಅರ್ಥ; ಬದಲಿಸಿ. ಹಂಚಿನಡಿಯ ಅಟ್ಟ ಬೇಡ, ಮಲಗುವ ಕೋಣೆಯ ಕಪಾಟೇ ವಾಸಿ. ಎತ್ತುವಾಗ ಮುಚ್ಚಳ ಹಿಡಿಯದೆ ಅಂಗೈಯಲ್ಲಿ ತಳಕ್ಕೆ ಆಸರೆ ಕೊಡಿ.

ಪ್ರಶ್ನೆ: ಬಣ್ಣವಿಲ್ಲದ ಗಾಜಿನ ಗುಂಡುಗಳ ಒಳಗೆ ಕೇಸರಿ ಅಕ್ರಿಲಿಕ್ ಹೊಯ್ದು ಕುಂಬಳಕಾಯಿ ಮಾಡಿದೆವು. ವಾರದಲ್ಲೇ ಬಣ್ಣ ಒಳಗಡೆ ಸುಲಿದು ಬಿತ್ತು, ಒಂದರಲ್ಲಿ ಬೂಷ್ಟೂ ಬಂದಿದೆ.
– ಓದುಗರು, ಕದ್ರಿ, ಮಂಗಳೂರು

ಉತ್ತರ: ಒಣಗುವ ಮೊದಲೇ ಮುಚ್ಚಳ ಹಾಕಿದಂತಿದೆ. ಮುಚ್ಚಳ ತೆಗೆದು, ಪಾತ್ರೆ ತೊಳೆಯುವ ಸೋಪಿನ ಎರಡು ಹನಿ ಹಾಕಿದ ಬೆಚ್ಚನೆ ನೀರಿನಲ್ಲಿ ಗುಂಡನ್ನು ತೊಳೆದು, ಕತ್ತು ಕೆಳಗಾಗಿ ಒಂದು ದಿನವಿಡೀ ಒಣಗಿಸಿ. ಒಳಗೆ ಜಿಡ್ಡೋ ನೀರ ಹನಿಯೋ ಉಳಿದರೆ ಬಣ್ಣ ಹಿಡಿಯದು. ಆರು ಸೆಂಟಿಮೀಟರ್ ಗುಂಡಿಗೆ ಒಂದು ಟೀ ಚಮಚ ಬಣ್ಣ ಸಾಕು. ನಿಧಾನಕ್ಕೆ ತಿರುಗಿಸಿ ಎಲ್ಲ ಕಡೆಗೂ ಹರಿಸಿ, ಕಾಗದದ ಲೋಟದ ಬಾಯಿಗೆ ತಲೆಕೆಳಗಾಗಿ ಕೂರಿಸಿ, ಹೆಚ್ಚಿನದು ಬಸಿದುಹೋಗಲಿ. ಬಸಿಯದಿದ್ದರೆ ತಳದಲ್ಲಿ ದಪ್ಪಗೆ ನಿಂತು, ಒಣಗುತ್ತ ಬಿರಿಯುತ್ತದೆ. ನಮ್ಮ ಹವೆಯಲ್ಲಿ ಐದಾರು ದಿನ ಫ್ಯಾನಿನ ಗಾಳಿಯಲ್ಲಿ ಬಾಯಿ ತೆರೆದೇ ಇಡಿ.

ಕತ್ತಲಲ್ಲಿ ಹೊಳೆಯುವ ಬಣ್ಣ ಬೇಕಿದ್ದರೆ ಕ್ರಮ ತಿರುವುಮುರುವು ಮಾಡಬೇಕು. ಒಳಗಿನಿಂದ ಹಚ್ಚುವಾಗ ಮೊದಲು ಹಾಕಿದ್ದೇ ಹೊರಗಿನವರ ಕಣ್ಣಿಗೆ ಮುಂದೆ ಕಾಣುತ್ತದೆ. ಹಾಗಾಗಿ ಮೊದಲು ಹೊಳೆಯುವ ಬಣ್ಣ ಹಾಕಿ, ಅದು ಪೂರ್ತಿ ಒಣಗಿದ ಮೇಲೆ ಬಿಳಿ ಹಾಕಿ. ಹಿಂದೆ ಬಿಳಿ ಇಲ್ಲದಿದ್ದರೆ ಬೆಳಕು ಮಂಕು. ಕಣ್ಣು, ಹಲ್ಲುಗಳನ್ನು ಹೊರಗಡೆಯಿಂದ ಕಪ್ಪು ಎನಾಮೆಲ್‌ನಲ್ಲಿ ಬರೆಯಿರಿ. ಅದಕ್ಕೆ ಮುಂಚೆ ಸ್ಪಿರಿಟ್ ಅದ್ದಿದ ಹತ್ತಿಯಿಂದ ಬೆರಳಿನ ಜಿಡ್ಡು ತೆಗೆಯಿರಿ. ಈ ಸ್ಪಿರಿಟ್ ಉಪಾಯ ಮೊದಲೇ ಬಣ್ಣವಿರುವ ಗುಂಡುಗಳಿಗೆ ಸಲ್ಲದು.

ಪ್ರಶ್ನೆ: ಅಕ್ಟೋಬರ್ 31ರಂದು ಇವುಗಳ ಒಳಗೆ ಮೇಣದಬತ್ತಿ ಉರಿಸಬಹುದೇ?
– ಓದುಗರು, ಮಣಿಪಾಲ

ಉತ್ತರ: ಖಂಡಿತ ಬೇಡ. ತೆಳು ಗಾಜಿಗೆ ಒಂದೇ ಕಡೆ ಬಿಸಿ ತಗುಲಿದರೆ ಫಟ್ಟೆಂದು ಒಡೆಯುತ್ತದೆ. ಬ್ಯಾಟರಿಯ ಎಲ್‌ಇಡಿ ಸರ ಸುತ್ತಿ. ಹೊರಜಗಲಿಗಿಂತ ಒಳಮನೆಯಲ್ಲೇ ತೂಗುಹಾಕಿ, ಆ ಹೊತ್ತಿಗೆ ಸಂಜೆ ಗುಡುಗು ಮಳೆ ಇಲ್ಲಿ ಹೊಸತಲ್ಲ. ಒಂದು ವೇಳೆ ಒಡೆದರೆ ದೊಡ್ಡ ಚೂರುಗಳನ್ನು ಗುಡಿಸಿದ ಮೇಲೆ, ಕಣ್ಣಿಗೆ ಕಾಣದ ಚೂರುಗಳಿಗೆ ಒದ್ದೆ ಹತ್ತಿಯನ್ನು ನೆಲಕ್ಕೆ ಒತ್ತಿ ಒತ್ತಿ ತೆಗೆಯಿರಿ.