ನೀರು ತಿರುವಿದ ಹುಡುಗ

(ಗುರುತು ಸಿಗಬಾರದೆಂದು ಊರು, ಮನೆಯ ವಿವರ, ನಡೆದ ಹೊತ್ತು ಎಲ್ಲವನ್ನೂ ಬದಲಿಸಿದ್ದೇನೆ. ತಾಯಿಯ ಒಪ್ಪಿಗೆ ಪಡೆದಿದ್ದೇನೆ. ಹುಡುಗನನ್ನೂ ಕೇಳಿದೆ. "ನಮ್ಮ ಹಸು ಹೆಸ್ರು ಬರೀಬೇಡಿ ಮಿಸ್, ಎಲ್ರಿಗೂ ಗೊತ್ತಾಗೋಯ್ತದೆ" ಅಂದ. ಬರೆದಿಲ್ಲ.)

ಮಂಡ್ಯದಲ್ಲಿ ನಾನು ಮಕ್ಕಳ ಆಪ್ತಸಮಾಲೋಚನೆ ಮಾಡುವ ಕೊಠಡಿಗೆ ಅವನನ್ನು ಕರೆತಂದವರು ಸೋದರಮಾವ. ಚಪ್ಪಲಿ ಬಿಡುತ್ತಲೇ, "ಮಚ್ಚು ಕಂಡ್ರೆ ಹೆದರ್ತನೆ ಮೇಡಂ. ಕಬ್ಬಿನ ಗದ್ದೆ ಕಡೆಗೇ ಬರಲ್ಲ. ಅದೊಂದು ಬುಡಿಸಿಕೊಡಿ" ಅಂದರು. ಹಿಂದೆ ತಾಯಿ, ಅವರ ಸೆರಗಿನ ಹಿಂದೆ ಒಂಬತ್ತು ವರ್ಷದ ಹುಡುಗ. ಕತ್ತಿನಲ್ಲಿ ಎರಡು ಅಂತ್ರದ ತಾಯಿತ, ತಿಥಿಗೆ ಬೋಳಿಸಿದ ತಲೆಯಲ್ಲಿ ಆಗಷ್ಟೇ ಕೂದಲು ಚಿಗುರುತ್ತಿತ್ತು. ಇಲ್ಲಿ ಅವನನ್ನು ಪುಟ್ಟ ಅನ್ನುತ್ತೇನೆ.

ಅದಕ್ಕೂ ಎರಡು ತಿಂಗಳ ಹಿಂದೆ, ನಾಲೆಗೆ ನೀರು ಬಿಟ್ಟಿದ್ದ ಒಂದು ಸಂಜೆ, ಅಪ್ಪ ಮಗ ಇಬ್ಬರೂ ಗದ್ದೆಗೆ ಹೋಗಿದ್ದರು. ಪಕ್ಕದ ಜಮೀನಿನ ದಾಯಾದಿಗಳು ಬಂದರು. ಮಾತಿಗೆ ಮಾತು ಬೆಳೆದು ಮಚ್ಚು ಎದ್ದಿತು. "ಓಡ್ಲಾ" ಎಂದು ಅಪ್ಪ ಕೂಗಿದ್ದೇ ಹುಡುಗನಿಗೆ ಕೇಳಿದ ಕೊನೆಯ ಮಾತು. ಕಬ್ಬಿನೊಳಗೆ ನುಗ್ಗಿ, ಗರಿಗಳ ನಡುವೆ ಕವುಚಿ ಮಲಗಿದ. ಟಾರ್ಚು ಹಿಡಿದು ಜನ ಹುಡುಕುತ್ತಾ ಬಂದಾಗ ಕತ್ತಲಾಗಿತ್ತು. ಹೆಸರು ಕೂಗಿದರೂ ಅವನು ಓಗೊಡಲಿಲ್ಲ.

ಇದಕ್ಕಿಂತ ಹೆಚ್ಚು ವಿವರ ಯಾರಿಗೂ ಬೇಕಿಲ್ಲ. ಆದರೆ ಊರಿಗೆ ಬೇಕಿತ್ತು. ಸಾವಿಗೆ ಬಂದವರು, ತಿಥಿಗೆ ಬಂದವರು, ಡೈರಿಗೆ ಹಾಲು ಹಾಕಲು ಬಂದವರು, ಎಲ್ಲರೂ ಅವನನ್ನು ಹತ್ತಿರ ಕೂರಿಸಿಕೊಂಡು "ಏನ್ ನೋಡ್ದೆ ಹೇಳು ಮಗ" ಎಂದು ಕೇಳಿದ್ದರು. ಕೆಟ್ಟ ಮನಸ್ಸಿನಿಂದಲ್ಲ, ತಲೆ ಸವರುತ್ತಲೇ ಕೇಳಿದ್ದರು. ಒಬ್ಬ ಅಜ್ಜಿ "ನೀನೊಂದ್ ಕೂಗು ಕೂಗಿದ್ರೆ ಯಾರಾರ ಬರ್ತಿದ್ರು" ಎಂದು ಅತ್ತಿದ್ದರು. ಇನ್ನೊಬ್ಬರು "ಇನ್ಮೇಲೆ ಮನೆಗೆ ನೀನೇ ಗಂಡಸು" ಅಂದಿದ್ದರು. ಮೂರನೆಯ ಮಾತೊಂದಿತ್ತು, ಅದನ್ನು ಬರೆಯಲು ನನಗೆ ಇಂದಿಗೂ ಸಂಕಟವಾಗುತ್ತದೆ: "ದೊಡ್ಡವನಾಗ್ಲಿ, ಲೆಕ್ಕ ತೀರಿಸ್ತನೆ."

ನಾನೂ ಮೊದಲು ತಪ್ಪು ದಾರಿ ಹಿಡಿದೆ. ಮಾವ ಹೇಳಿದ ಮಚ್ಚನ್ನೇ ನಂಬಿದೆ. ಹಿಂಸೆ ಕಂಡ ಮಗುವಿಗೆ ಆ ಘಟನೆಯ ವಸ್ತು, ಸದ್ದು, ವಾಸನೆ ಎದುರಾದರೆ ಮೈ ಮತ್ತೆ ಅದೇ ಹೊತ್ತಿಗೆ ಮರಳುತ್ತದೆ. ಗುಂಡಿಗೆ ಹೊಡೆದುಕೊಳ್ಳುತ್ತದೆ, ಕೈಕಾಲು ತಣ್ಣಗಾಗುತ್ತದೆ. ಕಬ್ಬು ಕಡಿಯುವ ಊರಲ್ಲಿ ಮಚ್ಚು ಕಾಣದೆ ಬದುಕಲಾಗದು. ಹಾಗಾಗಿ ಮೊದಲ ಮೂರು ಭೇಟಿಗಳಲ್ಲಿ ಉಸಿರಾಟದ ಅಭ್ಯಾಸ, ಭಯ ಬಂದಾಗ ಕಣ್ಣಿಗೆ ಕಾಣುವ ಐದು ವಸ್ತುಗಳ ಹೆಸರು ಹೇಳುವುದು, ಇವನ್ನು ಕಲಿಸಿದೆ. ಕಲಿತ. ಆದರೆ ರಾತ್ರಿ ಬೆಚ್ಚುವುದು, ಹಾಸಿಗೆ ಒದ್ದೆ ಮಾಡುವುದು ನಿಲ್ಲಲಿಲ್ಲ.

ದಾರಿ ತೋರಿಸಿದ್ದು ತಾಯಿಯ ಕ್ಯಾಲೆಂಡರು. ಹಾಸಿಗೆ ಒದ್ದೆಯಾದ ದಿನಕ್ಕೆ ಒಂದು ಗುರುತು ಹಾಕಿ, ಬೈಯಬೇಡಿ, ಬರೀ ಗುರುತು ಹಾಕಿ ಎಂದಿದ್ದೆ. ತಿಂಗಳಾದ ಮೇಲೆ ತಂದು ತೋರಿಸಿದರು. ಗುರುತುಗಳು ಅಲ್ಲಲ್ಲಿ ಗುಂಪುಗುಂಪಾಗಿದ್ದವು, ನಡುವೆ ಖಾಲಿ. ನಮ್ಮ ಕಡೆ ವಿಶ್ವೇಶ್ವರಯ್ಯ ನಾಲೆಗೆ ಕಟ್ಟು ನೀರು ಪದ್ಧತಿಯಲ್ಲಿ ಕೆಲವು ದಿನ ನೀರು ಬಿಟ್ಟು ಕೆಲವು ದಿನ ನಿಲ್ಲಿಸುತ್ತಾರೆ. ಕ್ಯಾಲೆಂಡರನ್ನೇ ದಿಟ್ಟಿಸುತ್ತಿದ್ದ ತಾಯಿ, "ಮೇಡಂ, ಇವೆಲ್ಲ ನೀರು ಬುಟ್ಟ ದಿನ" ಅಂದರು. ಅವನು ಹೆದರುತ್ತಿದ್ದುದು ಮಚ್ಚಿಗಲ್ಲ, ನೀರಿಗೆ.

ಮುಂದಿನ ಭೇಟಿಗೆ ಮರಳಿನ ತಟ್ಟೆ, ಒಂದು ಚೊಂಬು ನೀರು ಇಟ್ಟೆ. ಆಡು ಎಂದಷ್ಟೇ ಹೇಳಿದೆ. ಪುಟ್ಟ ಬೆರಳಲ್ಲಿ ಕಾಲುವೆ ಕೊರೆದ, ಗದ್ದೆ ಮಾಡಿದ, ಆಮೇಲೆ ಕಾಲುವೆಯ ಬಾಯಿಗೆ ಮಣ್ಣಿನ ಹೆಂಟೆ ಒತ್ತಿದ. ನೀರು ಜಿನುಗಿತು, ಮತ್ತೆ ಒತ್ತಿದ. ಇಪ್ಪತ್ತು ನಿಮಿಷ ಅದೇ. ಆರನೇ ಭೇಟಿಯಲ್ಲಿ, ಕೈ ಮಣ್ಣಲ್ಲಿರುವಾಗಲೇ ತಲೆ ಎತ್ತದೆ ಹೇಳಿದ: "ನಾನೇ ಮಿಸ್ ಹೆಂಟೆ ತಗುದಿದ್ದು. ನಮ್ಮಪ್ಪ ತಗಿ ಅಂತು, ತಗುದೆ. ನೀರು ನಮ್ ಗದ್ದೆಗೆ ಬಂತು. ಆಮೇಲೆ ಅವ್ರು ಬಂದ್ರು."

ಇಷ್ಟು ತಿಂಗಳು ನೂರು ಜನ ಕೇಳಿದರೂ ಆ ಮಗು ಹೇಳದೆ ಉಳಿಸಿಕೊಂಡಿದ್ದು ಇದೊಂದನ್ನೇ. ಅಪ್ಪನನ್ನು ತಾನೇ ಕೊಂದೆ ಎಂದು ಅವನು ನಂಬಿದ್ದ.

"ನಿನ್ನದೇನೂ ತಪ್ಪಿಲ್ಲ" ಎಂದು ಥಟ್ಟನೆ ಹೇಳಿಬಿಡುವ ಆಸೆ ನಮ್ಮೆಲ್ಲರಿಗೂ ಇರುತ್ತದೆ. ಹಾಗೆ ಹೇಳಿದರೆ ಮಗು ಬಾಯಿ ಮುಚ್ಚಿಕೊಳ್ಳುತ್ತದೆ, ಯಾಕೆಂದರೆ ಅದರ ಲೆಕ್ಕದಲ್ಲಿ ನಾವು ಪೂರ್ತಿ ಕೇಳಿಸಿಕೊಂಡೇ ಇಲ್ಲ. ನಾನು ಕೇಳಿದ್ದು: "ಇದನ್ನ ಇಷ್ಟು ದಿನ ಒಬ್ಬನೇ ಹೊತ್ಕೊಂಡಿದ್ದೆಯಾ?" ಹೂಂ ಅಂದ. ಅಮ್ಮನಿಗೆ ಹೇಳೋಣವಾ ಎಂದು ಕೇಳಿದೆ. ಒಪ್ಪಲು ಒಂದು ವಾರ ಬೇಕಾಯಿತು.

ತಾಯಿ ಕೇಳಿ ತುಂಬ ಹೊತ್ತು ಸುಮ್ಮನಿದ್ದರು. ಮುಂದಿನ ವಾರ ನಾನು ಹೇಳದೆಯೇ ಟ್ರಂಕಿನಿಂದ ಭಾಗದ ಕೇಸಿನ ಹಳೆಯ ಕಾಗದ ತಂದರು. ಅದರ ಮೇಲಿನ ತಾರೀಕು ಓದಿಸಿ, ಅವನ ಆಧಾರ್ ಕಾರ್ಡಿನ ಹುಟ್ಟಿದ ತಾರೀಕು ಓದಿಸಿದರು. "ನೀನು ಹುಟ್ಟೋಕ್ ಮುಂಚಿಂದ್ಲೂ ಇತ್ತು ಕಣ್ ಮಗ ಈ ಜಗಳ. ನೀರು ತಿರುವಿದ್ರೆ ಜನ ಬೈತರೆ, ಬಂದು ಹೆಂಟೆ ಇಡ್ತರೆ. ಮಚ್ಚು ಎತ್ತಿದ್ದು ಅವ್ರ ಕೈ." ನನ್ನ ಓದೆಲ್ಲ ಸೇರಿಸಿದರೂ ಇಷ್ಟು ಚೆನ್ನಾಗಿ ಹೇಳಲು ನನಗೆ ಆಗುತ್ತಿರಲಿಲ್ಲ. ಪುಟ್ಟ ಆವತ್ತು ಮೊದಲ ಸಲ ಸದ್ದು ಮಾಡಿ ಅತ್ತ.

ಮನೆಯವರಿಗೆ ನಾನು ಕೊಟ್ಟ ಸಲಹೆಗಳಲ್ಲಿ ಮೊದಲನೆಯದು, ಇನ್ನು ಯಾರೂ ಅವನನ್ನು ನಡೆದದ್ದು ಕೇಳಕೂಡದು. ತಾನಾಗಿ ಹೇಳಿದರೆ ಕೆಲಸ ಬಿಟ್ಟು ಕೇಳಿಸಿಕೊಳ್ಳಿ. "ಮರ್ತ್ಬುಡು" ಅನ್ನಬೇಡಿ. ಅವನು ಕೂಗದೆ ಇದ್ದದ್ದು ಹೇಡಿತನವಲ್ಲ. ಅಂಥ ಭಯದಲ್ಲಿ ದನಿ ಕಟ್ಟಿಹೋಗುವುದು ಮೈಯ ಗುಣ, ಅವನ ಜೀವ ಉಳಿದದ್ದು ಅದರಿಂದಲೇ. ಅಪ್ಪ ಓಡು ಅಂದರು, ಅವನು ಓಡಿದ, ಅಪ್ಪನ ಮಾತು ನಡೆಸಿದ ಎಂದು ಹೇಳಿ. ಅಂತ್ರ ಇರಲಿ, ಅಜ್ಜಿಗೆ ಅದರಿಂದ ಸಮಾಧಾನ. ಅವನನ್ನು ಶಾಲೆಗೆ, ಆಟಕ್ಕೆ ಕಳಿಸಿ, ಮನೆ ಯಜಮಾನಿಕೆ ದೊಡ್ಡವರೇ ಹೊರಲಿ. ಸೇಡಿನ ಮಾತಿನ ಬಗ್ಗೆ ಮಾವನನ್ನು ಬೇರೆಯಾಗಿ ಕೂರಿಸಿ ಗಟ್ಟಿಯಾಗಿಯೇ ಹೇಳಿದೆ: "ಇನ್ನೊಂದು ಸಲ ಯಾರಾದರೂ ಲೆಕ್ಕ ತೀರಿಸೋ ಮಾತಾಡಿದರೆ, ನೀವು ಇವನನ್ನೂ ಜೈಲಿಗೆ ಸಾಕುತ್ತಿದ್ದೀರಿ ಅಂತ ಅರ್ಥ." ಅವರು ಮುಖ ಕೆಳಗೆ ಹಾಕಿದರು.

ಶಾಲೆಯ ವಾಟ್ಸಾಪ್ ಗುಂಪಿನಲ್ಲಿ ಯಾರೋ ಅವನ ಫೋಟೊ ಹಂಚಿದ್ದರು. ಅಪರಾಧಕ್ಕೆ ಬಲಿಯಾದ ಅಥವಾ ಸಾಕ್ಷಿಯಾದ ಮಗುವಿನ ಗುರುತನ್ನು ಮಾಧ್ಯಮಗಳಲ್ಲಿ ಬಯಲು ಮಾಡುವುದು 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಮಿನ ಪ್ರಕಾರ ಅಪರಾಧ. 6 ತಿಂಗಳವರೆಗೆ ಜೈಲು ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಮುಖ್ಯೋಪಾಧ್ಯಾಯರಿಗೆ ಇದನ್ನು ತಿಳಿಸಿದ ದಿನವೇ ಅಳಿಸಿಸಿದರು.

ಕಾನೂನಿನ ಕಡೆ ತಾಯಿಗೆ ತಿಳಿಯದ ಸಂಗತಿಗಳಿದ್ದವು. 15 ವರ್ಷದೊಳಗಿನ ಹುಡುಗನನ್ನು ಸಾಕ್ಷಿ ಹೇಳಿಕೆಗೆಂದು ಠಾಣೆಗೆ ಕರೆಸುವಂತಿಲ್ಲ, ಪೊಲೀಸರೇ ಮನೆಗೆ ಬರಬೇಕು. ಪರಿಹಾರಕ್ಕೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅರ್ಜಿ ಹಾಕಬಹುದು, ಹಾಕಿಸಿದೆವು. ತುರ್ತಿಗೆ ಮಕ್ಕಳ ಸಹಾಯವಾಣಿ 1098, ರಾತ್ರಿ ಮನಸ್ಸು ತೀರಾ ಕುಸಿದರೆ ಟೆಲಿ ಮಾನಸ್ 14416. ಈ ಎರಡು ನಂಬರು ಈಗ ಅವರ ಅಡುಗೆಮನೆ ಗೋಡೆಯ ಮೇಲಿವೆ.

ಪುಟ್ಟನಿಗೆ ಒಂದೇ ಚಿಂತೆ, ಕೋರ್ಟಿನಲ್ಲಿ ನೀರು ತಿರುವಿದ್ದು ಯಾರು ಅಂತ ಕೇಳಿದರೆ? ಏನು ಹೇಳಬೇಕೆಂದು ನಾನು ಕಲಿಸುವುದಿಲ್ಲ, ಅದು ನನ್ನ ಕೆಲಸವಲ್ಲ, ಕಲಿಸಿದರೆ ಅವನ ಸಾಕ್ಷ್ಯವೇ ಕೆಡುತ್ತದೆ. "ನಡೆದದ್ದು ಹೇಳು, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅನ್ನು" ಎಂದಷ್ಟೇ ಹೇಳಿದೆ. 12 ವರ್ಷದೊಳಗಿನ ಮಕ್ಕಳಿಗೆ ಪ್ರಮಾಣ ಮಾಡಿಸದೆಯೂ ಸಾಕ್ಷ್ಯ ಪಡೆಯಬಹುದು, ಪ್ರಶ್ನೆ ಅರ್ಥವಾಗುತ್ತದೆಯೇ ಎಂದು ನ್ಯಾಯಾಧೀಶರು ಮೊದಲು ನೋಡುತ್ತಾರೆ ಎಂದು ತಿಳಿಸಿದೆ. ಅನುಮತಿ ಪಡೆದು ಖಾಲಿ ಕೋರ್ಟ್ ಹಾಲನ್ನು ಒಮ್ಮೆ ತೋರಿಸಿಕೊಂಡು ಬಂದೆವು. ಫ್ಯಾನು ಎಷ್ಟಿವೆ ಎಂದು ಎಣಿಸಿದ.

ಆಮೇಲೆ ಎರಡು ಸಲ ನಾಲೆಗೆ ನೀರು ಬಂದುಹೋಯಿತು. ಎರಡನೆಯ ಸಲ ಅಮ್ಮನ ಜೊತೆ ಗದ್ದೆಯ ಬದುವಿನವರೆಗೆ ಹೋದ, ಕಾಲುವೆಯ ಹತ್ತಿರ ಹೋಗಲಿಲ್ಲ. ಹೋಗು ಎಂದು ಅವರೂ ಹೇಳಲಿಲ್ಲ. ಕಳೆದ ವಾರ ಸಮನ್ಸ್ ಬಂತು. ಮರುದಿನ ಬೆಳಿಗ್ಗೆ ತಾಯಿ ಫೋನ್ ಮಾಡಿದರು. "ಮತ್ತೆ ಒದ್ದೆ ಮಾಡ್ಕೊಂಡವ್ನೆ ಮೇಡಂ. ಬೈಲಿಲ್ಲ. ಗುರುತು ಹಾಕಿವ್ನಿ. ಬುಧವಾರ ಕರ್ಕೊಂಡ್ ಬರ್ಲಾ?"