ಪೈರು ಸೊಂಪಾಗಿತ್ತು, ತೆನೆ ಯಾಕೆ ಜೊಳ್ಳಾಯ್ತು?

ಪ್ರಶ್ನೆ: ನಮ್ಮದು ಮದ್ದೂರು ತಾಲ್ಲೂಕು, ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗ. ಕಳೆದ ಸಲ ನೀರು ತಡವಾಗಿ ಬಂತು. ಆಗಸ್ಟ್ ಮಧ್ಯದಲ್ಲಿ ಜಯ ಭತ್ತದ ಒಟ್ಟಲು (ಸಸಿ ಮಡಿ) ಬಿಟ್ಟು, ಸೆಪ್ಟೆಂಬರ್ ಮಧ್ಯದಲ್ಲಿ ನಾಟಿ ಮಾಡಿದೆವು. ಪೈರು ಸೊಂಪಾಗಿ ಬಂತು. ಕುಯ್ಲಿನ ಹೊತ್ತಿಗೆ ಅರ್ಧಕ್ಕರ್ಧ ಜೊಳ್ಳು. ಬೀಜವೇ ಸರಿಯಿಲ್ಲ ಅಂತಾರೆ ಊರವರು. ನಿಜವೇ?

ಉತ್ತರ: ಬೀಜವನ್ನು ಬೈಯುವ ಮುಂಚೆ ಕ್ಯಾಲೆಂಡರ್ ತೆಗೆದು ನೋಡಿ. ನಿಮ್ಮ ಪೈರು ಸೊಂಪಾಗಿಯೇ ಬೆಳೆದಿದೆ, ಹಾಗಾಗಿ ನನ್ನ ಅನುಮಾನ ಚಳಿಯ ಮೇಲೆ.

ಜಯ ಸುಮಾರು 135ರಿಂದ 140 ದಿನದ ತಳಿ. ಹೂ ಬಿಡುವುದು ಕುಯ್ಲಿಗೆ ಒಂದು ತಿಂಗಳು ಮುಂಚೆ. ನಿಮ್ಮ ಲೆಕ್ಕದಲ್ಲಿ ಅದು ನವೆಂಬರ್ ಕೊನೆ, ಇಲ್ಲವೇ ಡಿಸೆಂಬರ್ ಮೊದಲ ವಾರ. ಅದಕ್ಕೂ ಹತ್ತು ಹನ್ನೆರಡು ದಿನ ಮುಂಚೆ, ತೆನೆ ಇನ್ನೂ ಹೊಡೆಯಲ್ಲಿ, ಅಂದ್ರೆ ಎಲೆಯ ಕವಚದೊಳಗೆ ಇರುವಾಗಲೇ, ಒಳಗೆ ಪರಾಗ ತಯಾರಾಗುತ್ತದೆ. ಭತ್ತ ಚಳಿಗೆ ಅತಿ ಹೆಚ್ಚು ಹೆದರುವುದು ಆಗಲೇ. ರಾತ್ರಿಯ ಉಷ್ಣತೆ 15ರಿಂದ 18 ಡಿಗ್ರಿಗೆ ಇಳಿದು ಕೆಲವು ದಿನ ಹಾಗೇ ನಿಂತರೆ ಪರಾಗ ಕೆಡುತ್ತದೆ. ಹೂವೇನೋ ಬಿಡುತ್ತದೆ, ಕಾಳು ಮಾತ್ರ ಕಟ್ಟುವುದಿಲ್ಲ. ಎಲೆ ಹಸಿರಾಗಿಯೇ ಇರುವುದರಿಂದ ಕುಯ್ಲಿನ ತನಕ ಗೊತ್ತೇ ಆಗುವುದಿಲ್ಲ. ಮೋಡ ಇಲ್ಲದ ನವೆಂಬರ್ ರಾತ್ರಿ ಮಂಡ್ಯದಲ್ಲಿ ಎಷ್ಟು ಚಳಿ ಅಂತ ನಿಮಗೆ ನಾನು ಹೇಳಬೇಕಿಲ್ಲ, ಅಲ್ವಾ?

ಆದರೆ ಜೊಳ್ಳೆಲ್ಲ ಚಳಿಯದ್ದೇ ಅಲ್ಲ. ಮುಂದಿನ ಸಲ ತೆನೆ ಹಿಡಿದು ನೋಡಿ. ತೆನೆಯ ಬುಡದ ಗಿಣ್ಣು ಕಂದು ಕಪ್ಪಾಗಿ, ಅಲ್ಲೇ ಮುರಿದು ಬಾಗಿದ್ದರೆ ಅದು ಕುತ್ತಿಗೆ ಬೆಂಕಿ ರೋಗ. ಇದಕ್ಕೂ ತಂಪು ರಾತ್ರಿ, ಬೆಳಗಿನ ಇಬ್ಬನಿ ಅಂದ್ರೆ ಹಬ್ಬ. ಯೂರಿಯಾ ಜಾಸ್ತಿ ಸುರಿದಿದ್ದರೆ ಇನ್ನೂ ಬೇಗ ಹರಡುತ್ತದೆ. ಬಿಳಿಚಿಕೊಂಡ ತೆನೆ ಎಳೆದ ಕೂಡಲೇ ಕಿತ್ತು ಬಂದರೆ ಕಾಂಡ ಕೊರೆಯುವ ಹುಳು. ಗಿಣ್ಣು ಹಸಿರಾಗಿದ್ದು, ತೆನೆಯ ಬುಡ ತುದಿಯ ಕೊನೇ ಎಲೆಯ ಕವಚದೊಳಗೇ ಸಿಕ್ಕಿಕೊಂಡಿದ್ದರೆ ಚಳಿ.

ನೀರು ತಡವಾದ ವರ್ಷ ಜಯ ಬಿಟ್ಟುಬಿಡಿ. 120ರಿಂದ 125 ದಿನದ ಐಆರ್-64 ಅಥವಾ ಎಂಟಿಯು-1010 ಹಾಕಿದರೆ ಹೊಡೆ ಹಂತ ಎರಡು ವಾರ ಮುಂಚೆ ಮುಗಿಯುತ್ತದೆ. ತಡವಾದ ನಾಟಿಯಲ್ಲಿ ತೆಂಡೆ (ಬುಡದಿಂದ ಬರುವ ಮರಿ ಪೈರು) ಕಡಿಮೆ ಒಡೆಯುತ್ತದೆ. ಅದಕ್ಕೇ ಗುಣಿಗೆ ಒಂದೆರಡು ಪೈರು ಜಾಸ್ತಿ ಇಟ್ಟು, ಒತ್ತಾಗಿ ನೆಡಿ. ಹೊಡೆ ಹಂತದಲ್ಲಿ ಚಳಿ ಬಿದ್ದರೆ ಗದ್ದೆಯಲ್ಲಿ 15ರಿಂದ 20 ಸೆಂ.ಮೀ. ನೀರು ನಿಲ್ಲಿಸಿ. ಎಳೆ ತೆನೆ ಇರುವ ಭಾಗ ನೀರಿನ ಬೆಚ್ಚಗೆಯಲ್ಲಿ ಸ್ವಲ್ಪ ಉಳಿಯುತ್ತದೆ. ಕೊನೆ ಭಾಗದವರಿಗೆ ಅಷ್ಟು ನೀರು ಎಲ್ಲಿಂದ ಅಂತ ನೀವು ಕೇಳಬಹುದು. ನ್ಯಾಯವೇ. ಅದಕ್ಕೇ ತಳಿ ಬದಲಿಸುವುದೇ ಗಟ್ಟಿ ದಾರಿ ಅನ್ನುತ್ತೇನೆ.

ಪ್ರಶ್ನೆ: ನಮ್ಮಲ್ಲಿ ಜೂನ್‌ನಲ್ಲಿ ಮಳೆ ಆದರೂ ನಾಲೆಗೆ ನೀರು ಇರುವುದಿಲ್ಲ. ಯಾವ ಮಳೆ ನಂಬಿ ಒಟ್ಟಲು ಬಿಡಬೇಕು? (ಶ್ರೀರಂಗಪಟ್ಟಣದ ಓದುಗರು)

ಉತ್ತರ: ನಿಮ್ಮೂರ ಮಳೆಯನ್ನಲ್ಲ, ಕೊಡಗಿನ ಮಳೆಯನ್ನು. ನಿಮ್ಮ ನಾಲೆಗೆ ನೀರು ಕೊಡುವ ಕನ್ನಂಬಾಡಿ ಕಟ್ಟೆ (ಕೆಆರ್‌ಎಸ್) ತುಂಬುವುದು ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥದಿಂದ. ಅಲ್ಲಿ ಜೋರು ಮಳೆ ಜುಲೈ, ಆಗಸ್ಟ್‌ನಲ್ಲಿ. ಮಂಡ್ಯದ ಸ್ವಂತ ಮಳೆ ಜಾಸ್ತಿ ಬೀಳುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. 2023ರಲ್ಲಿ ಕಟ್ಟೆ ತುಂಬಲೇ ಇಲ್ಲ. 2025ರಲ್ಲಿ ಜೂನ್ ಮುಗಿಯುವ ಮೊದಲೇ ತುಂಬಿತು. ಇಷ್ಟು ಏರುಪೇರು ಇರುವಾಗ ಪ್ರತಿ ವರ್ಷ ಒಂದೇ ದಿನ ಒಟ್ಟಲು ಬಿಟ್ಟರೆ ನಡೆಯುವುದಿಲ್ಲ. ಕಟ್ಟೆಯ ಮಟ್ಟ ನೋಡಿ, ನಾಲೆಗೆ ನೀರು ಬಿಡುವ ದಿನ ಗೊತ್ತಾದ ಮೇಲೆ ಬೀಜ ನೆನೆಹಾಕಿ. ಒಟ್ಟಲಲ್ಲೇ ಬಲಿತ ಪೈರು ನೆಟ್ಟರೆ ತೆಂಡೆ ಬರುವುದಿಲ್ಲ. ಸೆಪ್ಟೆಂಬರ್ ಬಂದರೂ ನಾಲೆ ಒಣಗಿದ್ದರೆ, ನೀರು ಬಸಿದುಹೋಗುವ ಗದ್ದೆಯಲ್ಲಿ ಭತ್ತದ ಆಸೆ ಬಿಟ್ಟು ಹುರುಳಿ ಚೆಲ್ಲಿ.